ಕಣ್ಣಿನ ಚಾರ್ಟು, ಉದ್ದನೆಯ ಜಾಥಾ ಮತ್ತು ಒಂಬತ್ತನೇ ‘ಬಿ’ ಮದುವೆ

ಸಿಂದಗಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಮಾಸ್ತರ. ಬರೀ ಪಾಠ ನಡೆಯುವ ದಿನ ನಮ್ಮಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗುವುದಿಲ್ಲ. ಆದರೆ ‘ಈ ಕಾರ್ಯಕ್ರಮ ಆಚರಿಸಿ, ಫೋಟೋ ಕಳಿಸಿ’ ಎಂದು ವಾಟ್ಸ್ಯಾಪಿನಲ್ಲಿ ಆದೇಶ ಬಂತೋ, ಅವತ್ತು ಏನಾದರೊಂದು ಆಗಿಯೇ ತೀರುತ್ತದೆ.

ಕಣ್ಣಿನ ತಪಾಸಣೆ

ಎಂಟನೇ ತರಗತಿಯವರ ಕಣ್ಣು ನೋಡಲು ಒಬ್ಬ ಡಾಕ್ಟರಮ್ಮ ಬಂದಿದ್ದರು. ಗೋಡೆಗೆ ಅಕ್ಷರದ ಚಾರ್ಟು ತೂಗುಹಾಕಿದರು. ಮೇಲೆ ದೊಡ್ಡ ಅಕ್ಷರ, ಕೆಳಗಿಳಿದಂತೆಲ್ಲ ಸಣ್ಣದು. ಮಕ್ಕಳು ಹೊರಗೆ ಸಾಲಾಗಿ ನಿಂತು ಒಬ್ಬೊಬ್ಬರಾಗಿ ಒಳಗೆ ಬಂದರು. ಮೊದಲ ಏಳೆಂಟು ಮಂದಿ ಕಣ್ಣು ಕಿರಿದು ಮಾಡಿ ತಡವರಿಸಿದರು. ಆಮೇಲೆ ಬಂದವರೆಲ್ಲ ಕಡೇ ಸಾಲಿನವರೆಗೂ ಪಟಪಟ ಹೇಳಿಬಿಟ್ಟರು.

“ಈ ಕಡೆ ಮಕ್ಕಳ ಕಣ್ಣು ಭಾಳ ಚುರುಕ ಅದಾವ್ರಿ ಸರ,” ಎಂದರು ಡಾಕ್ಟರಮ್ಮ.

“ಎಲ್ಲಾ ಜ್ವಾಳದ ರೊಟ್ಟಿ ಪ್ರಭಾವ್ರಿ,” ಎಂದು ನಾನೂ ಎದೆ ಉಬ್ಬಿಸಿದೆ.

ಅಷ್ಟರಲ್ಲಿ ಒಬ್ಬ ಹುಡುಗಿ ಬಂದಳು. ಮೊದಲ ಬೆಂಚಿನಲ್ಲೇ ಕೂತರೂ ಬೋರ್ಡು ಕಾಣದೆ ಪಕ್ಕದವಳ ನೋಟ್‌ಬುಕ್ಕಿಗೆ ಮೂಗು ಹಚ್ಚಿ ಬರೆಯುವವಳು. ಒಂದು ಕಣ್ಣು ಮುಚ್ಚಿ, ಕಿಟಕಿಯ ಕಡೆ ಮುಖ ಮಾಡಿ ನಿಂತು, ಇಡೀ ಚಾರ್ಟನ್ನು ಒಂದೇ ಉಸುರಿಗೆ ಒಪ್ಪಿಸಿದಳು.

“ಚಾರ್ಟು ಈ ಕಡೆ ಐತೆವಾ,” ಎಂದರು ಡಾಕ್ಟರಮ್ಮ.

“ಇರ್ಲಿ ಬಿಡ್ರಿ ಮೇಡಂ. ನನಗ ಯಾವ ಕಡೆ ನಿಂತ್ರೂ ಬರ್ತೈತಿ.”

ಹೊರಗೆ ಹೋಗಿ ನೋಡಿದರೆ, ತಪಾಸಣೆ ಮುಗಿಸಿ ಬಂದವರು ಉಳಿದವರಿಗೆ ಚಾರ್ಟು ಹೇಳಿಕೊಡುತ್ತಿದ್ದರು. ನನಗೆ ಹೊಟ್ಟೆ ಉರಿಯಿತು. ಎಂಟು ಸಾಲಿನ ಪದ್ಯವನ್ನು ಹದಿನೈದು ದಿನದಿಂದ ಕಲಿಸುತ್ತಿದ್ದೆ, ಒಬ್ಬರಿಗೂ ಬಂದಿರಲಿಲ್ಲ. ಆ ಹುಡುಗಿಗೆ ಚಷ್ಮಾ ಬಂತು, ನನಗೆ ಬುದ್ಧಿ ಬಂತು. ಮರುದಿನ ಬೆಳಿಗ್ಗೆ ಪದ್ಯವನ್ನು ದೊಡ್ಡದಾಗಿ ಬರೆದು ಗೋಡೆಗೆ ತೂಗುಹಾಕಿ, “ನಾಳೆ ಮತ್ತೊಮ್ಮೆ ಕಣ್ಣ ತಪಾಸಣಿ ಐತಿ. ಇದನ್ನ ಯಾರೂ ಬಾಯಿಪಾಠ ಮಾಡಬಾರದು!” ಎಂದು ಹೆದರಿಸಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಕ್ಲಾಸಿಗೆ ಪದ್ಯ ಬಂದಿತ್ತು.

ಪಾಲಕರ ಸಭೆ

ಪಾಲಕರ ಸಭೆಗೆ ಬಂದ ಒಬ್ಬರನ್ನು ಎದುರಿಗೆ ಕೂಡ್ರಿಸಿಕೊಂಡು ಅರ್ಧ ತಾಸು ಹೇಳಿದೆ. “ನಿಮ್ಮ ಹುಡುಗ ಅಭ್ಯಾಸ ಮಾಡೂದುಲ್ರಿ. ಹೋಮ್‌ವರ್ಕ್ ಇಲ್ಲ, ಏನಿಲ್ಲ. ನೀವು ಸ್ವಲ್ಪ ಲಕ್ಷ್ಯ ಕೊಡ್ಬೇಕು.” ಅವರು ಪ್ರತಿ ಮಾತಿಗೂ “ಹೌದ್ರಿ, ಖರೇ ಐತ್ರಿ” ಎಂದು ತಲೆಯಾಡಿಸಿದರು. ಎರಡು ಸಲ ನಿಟ್ಟುಸಿರನ್ನೂ ಬಿಟ್ಟರು. ಕಡೆಗೆ ಸಹಿ ಮಾಡಿಸಲು ಹುಡುಗನ ಹೆಸರು ಕೇಳಿದೆ.

“ನಂಗ ಹುಡುಗ ಇಲ್ರಿ ಸರ. ಒಬ್ಬಾಕಿ ಮಗಳು, ಆ ಬಾಜೂ ಸಾಲ್ಯಾಗ ಓದಾಕತ್ಯಾಳ. ಇಲ್ಲಿ ಚಹಾ ಕೊಡಾಕತ್ತಿದ್ರು, ಅದಕ್ಕ ಬಂದೆ.”

“ಮತ್ತ ಇಷ್ಟೊತ್ತು ಯಾಕ ಸುಮ್ಮ ಕುಂತ್ರಿ?”

“ನೀವು ಅಷ್ಟು ಕಳಕಳಿಯಿಂದ ಹೇಳಾಕತ್ತಿದ್ರಿ. ನಡುವ ಬಾಯಿ ಹಾಕಿದ್ರ ಬರೋಬ್ಬರಿ ಅನಸೂದುಲ್ಲ ಅಂತ ಸುಮ್ಮನಿದ್ದೆ.”

ಪರಿಸರ ಜಾಥಾ

ಜಾಥಾದ ದಿನ ಹೆಡ್ಮಾಸ್ತರರು ಮೈಕು ಹಿಡಿದು ಎಲ್ಲರಿಗಿಂತ ಮುಂದೆ. ಹಿಂದೆ ಇಬ್ಬಿಬ್ಬರಂತೆ ಇನ್ನೂರು ಮಕ್ಕಳು. ಅವರು “ಪ್ಲಾಸ್ಟಿಕ್!” ಅಂದರೆ ಮಕ್ಕಳು “ಬೇಡವೇ ಬೇಡ!” ಅನ್ನಬೇಕು. “ಗಿಡಮರ!” ಅಂದರೆ “ಬೇಕೇ ಬೇಕು!” ಹೆಡ್ಮಾಸ್ತರರು ಬಸ್‌ಸ್ಟ್ಯಾಂಡ್ ಮೂಲೆ ತಿರುಗುವ ತನಕ ಎಲ್ಲ ಸರಿಯಿತ್ತು. ಆಮೇಲೆ ಸಾಲಿನ ಬಾಲಕ್ಕೆ ಮೈಕು ಸರಿಯಾಗಿ ಕೇಳಿಸದೆ, ಉತ್ತರಗಳು ಒಂದೊಂದು ಘೋಷಣೆಯಷ್ಟು ಹಿಂದೆ ಬಿದ್ದವು. “ಗಿಡಮರ!” ಎಂದರೆ “ಬೇಡವೇ ಬೇಡ!” “ಪ್ಲಾಸ್ಟಿಕ್!” ಎಂದರೆ “ಬೇಕೇ ಬೇಕು!” ಪ್ಲಾಸ್ಟಿಕ್ ಕೊಡ, ಬುಟ್ಟಿ ಮಾರುವ ಅಂಗಡಿಯವರು ಹೊರಗೆ ಬಂದು, “ಪಾಪ, ಬಿಸಲಾಗ ಎಷ್ಟ ಒದರಾಕತ್ತಾವು,” ಎಂದು ಬಾಲದ ಮಕ್ಕಳಿಗಷ್ಟೇ ಶರಬತ್ತು ಕೊಟ್ಟರು.

ಕಡೆಗೆ ವೃತ್ತದಲ್ಲಿ ನಿಂತು ಹೆಡ್ಮಾಸ್ತರರು ಮೈಕಿನಲ್ಲಿ ಗಟ್ಟಿಯಾಗಿ ಸಾರಿದರು: “ಈಗ ಮುಖ್ಯ ಅತಿಥಿಗಳ ಭಾಷಣ!”

ಬಾಲದಿಂದ ನೂರು ಕಂಠ ಒಟ್ಟಿಗೆ ಎದ್ದಿತು: “ಬೇಡವೇ ಬೇಡ!”

ಅವತ್ತಿಡೀ ಬಾಲದವರು ಸರಿಯಾಗಿ ಹೇಳಿದ್ದು ಇದೊಂದೇ ಎಂದು ಸ್ಟಾಫ್‌ರೂಮಿನಲ್ಲಿ ಎಲ್ಲರ ಅಭಿಪ್ರಾಯ.

ಮದುವೆ

ಬಾಲ್ಯವಿವಾಹದ ವಿರುದ್ಧ ಬೀದಿನಾಟಕ ಮಾಡಿ ಎಂದು ಆದೇಶ ಬಂತು. ನಾನೇ ಬರೆದೆ. ಅಪ್ಪನೊಬ್ಬ ಹದಿನಾಲ್ಕರ ಮಗಳ ಮದುವೆ ಮಾಡಲು ಹೊರಟಿದ್ದಾನೆ, ಅಕ್ಕಿಕಾಳು ಬೀಳುವ ಹೊತ್ತಿಗೆ ಮಹಿಳಾ ಪಿಎಸ್‌ಐ ಬಂದು ತಡೆಯುತ್ತಾರೆ. ಅಷ್ಟೇ ಕಥೆ. ಪಾತ್ರ ಮಾಡುವವರೆಲ್ಲ ಒಂಬತ್ತನೇ ‘ಬಿ’ ಹುಡುಗಿಯರು. ಮದುಮಗನೂ ಹುಡುಗಿಯೇ, ಕಾಡಿಗೆಯ ಮೀಸೆ. ಮದುವೆ ಮಾಡಿಸುವ ಅಯ್ಯನವರ ಪಾತ್ರದವಳಿಗೆ ಮಾತ್ರ ಹಿಂದಿನ ದಿನ ಗದ್ದಬಾವು ಬಂತು. ಹೆಡ್ಮಾಸ್ತರರು ನನ್ನ ಕಡೆ ನೋಡಿ, “ಮಾತೆಲ್ಲಾ ನೀವ ಬರದೀರಿ, ನೀವ ನಿಂತ್‌ಬಿಡ್ರಿ,” ಎಂದರು. ಧೋತರ ಉಟ್ಟು, ವಿಭೂತಿ ಬಳಿದುಕೊಂಡು ನಿಂತೆ.

ಆಲಮೇಲದ ಕಡೆಯ ಒಂದು ಹಳ್ಳಿ, ರಸ್ತೆ ಬದಿಯ ಕಟ್ಟೆ. ಜನ ಕಿಕ್ಕಿರಿದಿದ್ದರು. ಮದುಮಕ್ಕಳಿಗೆ ಬಾಸಿಂಗ ಕಟ್ಟಿಯಾಯಿತು. ಪೊಲೀಸ್ ಪಾತ್ರದವಳ ಸುಳಿವೇ ಇಲ್ಲ. ಖಾಕಿ ಟೊಪ್ಪಿಗೆಯನ್ನು ನಾವು ಬಂದ ಟಂಟಂನಲ್ಲೇ ಮರೆತು, ಅದನ್ನು ತರಲು ಓಡಿದ್ದಳು. ಅವಳು ಬರುವ ತನಕ ನಾನು ಮಂತ್ರ ಹೇಳುತ್ತಿರಬೇಕು. ನನಗೆಲ್ಲಿಯ ಮಂತ್ರ? ಕಣ್ಣು ಮುಚ್ಚಿ, ರಾಗವಾಗಿ ವಿಭಕ್ತಿ ಪ್ರತ್ಯಯ ಶುರು ಮಾಡಿದೆ: “ಉ… ಅನ್ನು… ಇಂದ… ಗೆ-ಇಗೆ-ಕ್ಕೆ… ದೆಸೆಯಿಂದ…” ಮುಂದಿನ ಸಾಲಿನ ಮುದುಕಿಯರು ಭಕ್ತಿಯಿಂದ ಕೈ ಮುಗಿದರು.

ಇಪ್ಪತ್ತನೇ ಸುತ್ತಿನಲ್ಲಿ ಕೇಳಿಸಿತು: “ನಿಲ್ಲಿಸ್ರಿ ಮದುವಿ!”

ಅಬ್ಬಾ, ಬಂದಳಲ್ಲ ಎಂದು ಕಣ್ಣು ತೆರೆಯದೆಯೇ ನನ್ನ ಪಾರ್ಟಿನ ಮಾತು ಒದರಿದೆ: “ನಡುವ ಬಂದು ಹೇಳಾಕ ನೀ ಯಾರು? ನಡೀಯಾಚೆ!”

ಕಣ್ಣು ತೆರೆದೆ. ಎದುರಿಗಿದ್ದವರು ಒಂಬತ್ತನೇ ‘ಬಿ’ ಅಲ್ಲ. ಖರೇ ಪಿಎಸ್‌ಐ. ಹಿಂದೆ ಖರೇ ಕಾನ್‌ಸ್ಟೇಬಲ್, ಖರೇ ಜೀಪು. ಬಸ್ಸಿನಲ್ಲಿ ಹೋಗುತ್ತಿದ್ದ ಯಾರೋ ಪುಣ್ಯಾತ್ಮರು ಬಾಸಿಂಗ ಕಟ್ಟಿದ ಹುಡುಗಿಯನ್ನು ನೋಡಿ ಫೋನು ಮಾಡಿದ್ದರಂತೆ. ಜನರು ಶಿಳ್ಳೆ ಹೊಡೆದು ಚಪ್ಪಾಳೆ ತಟ್ಟಿದರು.

“ಮೇಡಂ, ನಾ ಹೈಸ್ಕೂಲ್ ಮಾಸ್ತರ್ರಿ…”

“ಮಾಸ್ತರಾಗಿ ಇಂಥಾ ಕೆಲಸ ಮಾಡಾಕತ್ತೀರಿ? ಏನವಾ, ನಿನ್ನ ವಯಸ್ಸೆಷ್ಟು?”

ಮದುಮಗಳಿಗೆ ತಾನು ನಾಟಕದಲ್ಲಿದ್ದೇನೆ ಎಂಬುದೊಂದೇ ಗೊತ್ತು. ಬಿಕ್ಕಿ ಬಿಕ್ಕಿ ಅಳುತ್ತ, “ಹದಿನಾಲ್ಕ್ರಿ! ನನಗ ಈ ಮದುವಿ ಬ್ಯಾಡ್ರಿ! ನಾ ಓದ್ತೇನ್ರಿ!” ಎಂದಳು. ತಾಲೀಮಿನಲ್ಲಿ ಒಂದು ದಿನವೂ ಇಷ್ಟು ಚೆನ್ನಾಗಿ ಅತ್ತಿರಲಿಲ್ಲ.

“ಸಾಕವಾ, ನಿಲ್ಲಿಸು,” ಎಂದು ಪಿಸುಗುಟ್ಟಿದೆ.

“ನನ್ನ ಮುಂದನ ಹುಡುಗಿನ್ನ ಹೆದರಸ್ತೀರಿ?” ಎಂದರು ಪಿಎಸ್‌ಐ. ಕಾನ್‌ಸ್ಟೇಬಲ್ ನನ್ನ ರಟ್ಟೆ ಹಿಡಿದ. ಹೆಡ್ಮಾಸ್ತರರು ಎದುರಿಗೇ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. “ಸರ್ರ, ಬರ್ರಿ!” ಎಂದು ಕೂಗಿದೆ. ಅವರು ಹೆಬ್ಬೆರಳೆತ್ತಿ, “ಭಾಳ ಛಲೋ, ಹಂಗ ನಡೀಲಿ!” ಎಂದರು.

ಜೀಪಿನ ಮೆಟ್ಟಿಲಿಗೆ ಒಂದು ಕಾಲು ಇಟ್ಟೆ. ಅಷ್ಟರಲ್ಲಿ ಟೊಪ್ಪಿಗೆ ಹಿಡಿದು ಏದುಸಿರು ಬಿಡುತ್ತ ಓಡಿಬಂದಳು ನಮ್ಮ ಪಿಎಸ್‌ಐ. ಖರೇ ಪಿಎಸ್‌ಐಯವರನ್ನು ನೋಡಿದ್ದೇ ಲಾಠಿ ಎಸೆದು ಗೊಳೋ ಎಂದು ಅಳತೊಡಗಿದಳು:

“ಸರ್ರ, ಟೊಪಗಿ ತರಾಕ ಹೋಗಿ ಬರೂದ್ರಾಗ ನನ್ನ ಪಾರ್ಟು ಇವ್ರಿಗೆ ಕೊಟ್‌ಬಿಟ್ರಿ? ಎಂಟ ದಿನದಿಂದ ತಾಲೀಮ ಮಾಡೇನ್ರಿ ನಾ!”

ಪಿಎಸ್‌ಐ ಅವಳ ಹೆಗಲ ಮೇಲಿನ ರಟ್ಟಿನ ನಕ್ಷತ್ರ ನೋಡಿದರು. ಬೆವರಿಗೆ ಗದ್ದಕ್ಕಿಳಿದ ಮದುಮಗನ ಮೀಸೆ ನೋಡಿದರು. ನನ್ನನ್ನು ನೋಡಿದರು. ಕಟ್ಟೆಯ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಕಾನ್‌ಸ್ಟೇಬಲ್ ನನ್ನ ರಟ್ಟೆ ಬಿಟ್ಟ. “ತೊಗೋವಾ ತಂಗಿ, ನಿನ್ನ ಪಾರ್ಟು ನೀನ ಮಾಡು,” ಎಂದು ಪಿಎಸ್‌ಐ ಲಾಠಿ ಎತ್ತಿಕೊಟ್ಟರು. ಹುಡುಗಿ ಕಣ್ಣೊರೆಸಿಕೊಂಡು, ಟೊಪ್ಪಿಗೆ ಇಟ್ಟು, ನೆಲ ನಡುಗುವ ಹಾಗೆ ಗರ್ಜಿಸಿ ಮದುವೆ ನಿಲ್ಲಿಸಿದಳು.

ನಾಟಕ ಮುಗಿದ ಮೇಲೆ ಮುಂದಿನ ಸಾಲಿನ ಮುದುಕಿಯೊಬ್ಬಳು ನೆಟ್ಟಗೆ ಖರೇ ಪಿಎಸ್‌ಐ ಹತ್ತಿರ ಹೋಗಿ ಅವರ ಗಲ್ಲ ಸವರಿದಳು.

“ಬ್ಯಾಸರಾ ಮಾಡ್ಕೋಬ್ಯಾಡ ನನ್ನವ್ವಾ. ನೀನೂ ತಕ್ಕಮಟ್ಟಿಗೆ ಮಾಡಿದಿ. ಆದ್ರ ಪೊಲೀಸಿನ ಗತ್ತು ನಿನಗ ಬರೂದುಲ್ಲ, ಆ ಹುಡುಗಿನ್ನ ನೋಡಿ ಕಲಿ.”