ಒಂದೇ ಪೈಪು, ಎರಡು ಕೆಲಸ

ಭೀಮಸಿಯ ಮನೆಗೆ ಅಂದು ಬೆಳಿಗ್ಗೆ ಕಷ್ಟ ಬಂದದ್ದು ರಿಕ್ಷಾದಲ್ಲಿ ಕುಳಿತು. ರಿಕ್ಷಾದ ನೆತ್ತಿಗೆ ಕಟ್ಟಿದ ಮೈಕು ಓಣಿಯೆಲ್ಲ ಕೇಳುವಂತೆ ಕೂಗುತ್ತಿತ್ತು: "ಹಾಲವಾಡಿ ಪಟ್ಟಣದ ನಾಗರಿಕರಲ್ಲಿ ವಿನಂತಿ. ದನದ ಕೊಟ್ಟಿಗೆಯ ನೀರನ್ನು ಒಳಚರಂಡಿಗೆ ಬಿಡುವುದು ನಿಯಮಕ್ಕೆ ವಿರುದ್ಧ. ಇಂದು ಮನೆಮನೆ ತಪಾಸಣೆ. ತಪ್ಪು ಕಂಡಲ್ಲಿ ಸಂಡಾಸಿನ ಸಂಪರ್ಕವನ್ನು ಸ್ಥಳದಲ್ಲೇ ಕಡಿಯಲಾಗುವುದು!"

ಭೀಮಸಿ ಆಗ ಪೊರಕೆ ಹಿಡಿದು ಎರಡು ಎಮ್ಮೆಗಳ ಸಗಣಿ ನೀರನ್ನು ಕೊಟ್ಟಿಗೆಯ ಮೂಲೆಯ ತೂತಿಗೆ ತಳ್ಳುತ್ತಿದ್ದ. ಆ ತೂತಿನ ಪೈಪು ಹಿತ್ತಲಲ್ಲಿ ಸಂಡಾಸಿನ ಪೈಪಿಗೆ ಕೂಡಿತ್ತು. ಕೂಡಿಸಿದವನು ಅವನೇ. ಬುಟ್ಟಿ ಹೊರುವ ತಾಪತ್ರಯ ತಪ್ಪಿತೆಂದು "ಒಂದ ಪೈಪ, ಎರಡ ಕೆಲಸ" ಎಂದು ಕಂಡಕಂಡವರ ಮುಂದೆ ಮೀಸೆ ತಿರುವಿದ್ದನು. ಈಗ ಮೀಸೆಯೂ ಇಳಿಯಿತು, ಪೊರಕೆಯೂ ಜಾರಿತು.

ಬೇರೆ ದಿನವಾಗಿದ್ದರೆ ಅವನು ಇಷ್ಟು ಹೆದರುತ್ತಿರಲಿಲ್ಲ. ಆದರೆ ಅಂದು ಸಂಜೆ ಸೊಸೆ ದೀಪಾಲಿ ಬಾಣಂತನ ಮುಗಿಸಿ ನಿಪ್ಪಾಣಿಯ ತವರಿನಿಂದ ಕೂಸಿನೊಂದಿಗೆ ಬರುವವಳಿದ್ದಳು. ಮಗ ಮಲ್ಲೇಶ ಕರೆತರಲು ಹೋಗಿದ್ದ. ಬೀಗತಿ ಸಾವಕ್ಕ ಮೊದಲೇ ಗೆರೆ ಕೊರೆದಂತೆ ಹೇಳಿಬಿಟ್ಟಿದ್ದಳು: "ಹಸಿ ಬಾಣಂತಿ ಚರಿಗಿ ಹಿಡಕೊಂಡ ಕಬ್ಬಿನ್ಯಾಗ ಹೋಗೂದು ನನಗ ನೋಡಾಕ ಆಗೂದಿಲ್ಲ. ಸಂಡಾಸ ಗಟರಿಗೆ ಕೂಡಲಿ, ಮಗಳನ್ನ ಕಳಸ್ತೀನಿ." ಗುತ್ತಿಗೆದಾರನ ಆಳುಗಳು ಒಳಚರಂಡಿಗೆ ಪೈಪು ಹಾಕಿ ಹೋದ ಮೇಲೆಯೇ ಅವಳು ಒಪ್ಪಿದ್ದು. ಭೀಮಸಿ ಮೊಮ್ಮಗನನ್ನು ಎತ್ತಿಕೊಂಡದ್ದು ತೊಟ್ಟಿಲ ಕಾರ್ಯದ ದಿನ ಒಂದೇ ಸಲ. ಆಮೇಲೆ ಕಂಡದ್ದೆಲ್ಲ ಮೊಬೈಲಿನಲ್ಲಿ, ಅದೂ ಬರೀ ಹಣೆ. ಕೂಸನ್ನು ಎದೆಗೆ ಅವುಚಿಕೊಳ್ಳಬೇಕೆಂದು ಅವನ ಜೀವ ಹಾತೊರೆಯುತ್ತಿತ್ತು. ಸಂಪರ್ಕ ಕಡಿದರೆ ಸಾವಕ್ಕ ಗಾಡಿಯನ್ನು ಬಾಗಿಲಿನಿಂದಲೇ ತಿರುಗಿಸುವುದು ಖಂಡಿತ.

"ಈಗೇನ ಮಾಡೂದ?" ಎಂದು ಹೆಂಡತಿ ಮಲಕವ್ವನನ್ನು ಕೇಳಿದ. ಉತ್ತರ ಬಂದದ್ದು ಎದುರು ಮನೆಯ ಕೆಂಚವ್ವನಿಂದ. ಅವಳಿಗೆ ಊರವರ ಮನೆಯ ಚಿಂತೆ ಮಾಡದಿದ್ದರೆ ಉಂಡ ಅನ್ನ ಅರಗುತ್ತಿರಲಿಲ್ಲ.

"ಎಮ್ಮೀನ ಇಲ್ಲಂದ್ರ ಶೆಗಣಿ ಎಲ್ಲಿಂದ ಬರತೈತೋ? ಎಮ್ಮಿ ಮುಚ್ಚಿಡು!"

"ಎಮ್ಮಿ ಏನ್ ನತ್ತೇನಬೇ ಯಕ್ಕಾ, ಡಬ್ಬ್ಯಾಗ ಮುಚ್ಚಿಡಾಕ?"

"ಒಂದ ನಮ್ಮ ಪಡಸಾಲ್ಯಾಗ ಕಟ್ಟು. ಇನ್ನೊಂದನ್ನ ಸಾವಕಾರರ ಕಡೆ ಬಿಡು."

ಸಾವಕಾರರೆಂದರೆ ಪಕ್ಕದ ಮನೆಯ ರಾವಸಾಹೇಬ. ಭೀಮಸಿಯ ಹಿತ್ತಲ ಗೋಡೆಯ ಆಚೆಗಿನ ಕಬ್ಬೆಲ್ಲ ಅವನದೇ. ಇಸ್ತ್ರಿಯ ಬಿಳಿ ಪೈಜಾಮದಲ್ಲಿ ಗೋಡೆಯ ಮೇಲಿಂದ ಇಣುಕಿ, "ಕಾಳಜಿ ಬ್ಯಾಡೋ ಭೀಮಸಿ. ನಮ್ಮ ಟ್ರ್ಯಾಕ್ಟರ್ ಶೆಡ್ಡಿನ್ಯಾಗ ಕಟ್ಟ. ನೆರಿಹೊರಿಯವ್ರು ಅಂದ್ರ ಮತ್ತ ಯಾಕ ಇರ್ತಾರ?" ಎಂದ. ಭೀಮಸಿಗೆ ಇಂಥ ನೆರೆ ಯಾರಿಗುಂಟು ಎನಿಸಿತು.

ಮಧ್ಯಾಹ್ನದೊಳಗೆ ಕೊಟ್ಟಿಗೆ ಕೊಟ್ಟಿಗೆಯಾಗಿ ಉಳಿಯಲಿಲ್ಲ. ಮಲಕವ್ವ ಮೇವು ಹಾಕುವ ಗ್ವಾದಲಿಯ ಮೇಲೆ ಚಾದರ ಹಾಸಿ ದಿಂಬಿಟ್ಟಳು. ಕೆಂಚವ್ವ ತನ್ನ ಜಮಖಾನೆ ತಂದು ನೆಲಕ್ಕೆ ಹಾಸಿ, ತೂತಿನ ಮೇಲೆ ಕುರ್ಚಿ ಇಟ್ಟಳು. ಭೀಮಸಿ ಒಂದು ಕಟ್ಟು ಊದಿನಕಡ್ಡಿಯನ್ನು ಒಮ್ಮೆಗೇ ಹಚ್ಚಿದ. ಎಮ್ಮೆ ವಾಸನೆ ಹೋಗಲಿಲ್ಲ, ಎಮ್ಮೆಗೆ ಯಾರೋ ಪೂಜೆ ಮಾಡಿದಂಥ ವಾಸನೆ ಬರತೊಡಗಿತು.

ಇಳಿಹೊತ್ತಿಗೆ ತಪಾಸಣೆಯ ಇಂಜಿನಿಯರ್ ರಾಜೇಶ್ವರಿ ಮೇಡಂ ಬಂದೇ ಬಿಟ್ಟರು. ಕೈಯಲ್ಲಿ ಚೀಲ, ಹಿಂದೆ ಅರ್ಧ ಓಣಿ.

"ಇದೇನ್ರಿ?" ಎಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತರು.

"ಬೀಗರ ಖೋಲಿ ರೀ."

"ಖೋಲ್ಯಾಗ ಗೂಟ ಯಾಕ ಹೊಡದೀರಿ?"

"ಅರಿವಿ ಹಾಕಾಕ್ರಿ."

"ನೆಲದಾಗ?"

ಭೀಮಸಿ ಹೆಂಡತಿಯ ಕಡೆ ನೋಡಿದ. ಮಲಕವ್ವ ಕೈಬಿಡಲಿಲ್ಲ. "ಕೂಸಿನ ಅರಿವಿ ರೀ ಮೇಡಮ್ಮಾರ. ಮೊಮ್ಮಗಾ ಬರಾಕತ್ತಾನ. ಅವನ ಕೈಗೆ ಎಟಕಬೇಕಲ್ರಿ!"

ಮೇಡಂ ನಗು ತಡೆದುಕೊಂಡರು. ಆ ಹೊತ್ತಿಗೆ ಸರಿಯಾಗಿ ಕೆಂಚವ್ವನ ಪಡಸಾಲೆಯಿಂದ ಓಣಿ ನಡುಗುವಂತೆ ಎಮ್ಮೆ ಒದರಿತು. ಕೆಂಚವ್ವ ಗಡಬಡಿಸಿ ಸೆರಗು ಬಾಯಿಗಿಟ್ಟು, "ನನಗ ಭಾಳ ಕೆಮ್ಮ ಐತ್ರಿ" ಎಂದಳು.

"ನೀವು ಇಲ್ಲಿ ನಿಂತೀರಿ. ಕೆಮ್ಮು ಅಲ್ಲಿಂದ ಬಂತಲ್ರಿ?"

ಹಾಲು ಹಿಂಡುವ ಹೊತ್ತಾಗಿತ್ತು. ಮನುಷ್ಯರು ಏನು ಸುಳ್ಳು ಹೇಳಿದರೂ ಎಮ್ಮೆಗೆ ಹೊತ್ತು ಗೊತ್ತು. ಅದು ಹಗ್ಗ ಹರಿದುಕೊಂಡು, ಕೆಂಚವ್ವ ಒಣಹಾಕಿದ್ದ ಇಳಕಲ್ ಸೀರೆಯನ್ನು ಕೊಂಬಿಗೆ ಸಿಕ್ಕಿಸಿಕೊಂಡು ಓಣಿ ದಾಟಿ ಬಂತು. ಯಾರನ್ನೂ ನೋಡದೆ ಬೀಗರ ಖೋಲಿಗೆ ಹೊಕ್ಕಿತು. ಜಮಖಾನೆಯ ನಟ್ಟನಡುವೆ ನಿಂತು, ಬೆಳಗಿನಿಂದ ತಡೆದಿಟ್ಟದ್ದನ್ನೆಲ್ಲ ಹಾಕಿತು.

"ಬೀಗರು ಬಂದ್ರು ನೋಡ್ರಿ" ಎಂದರು ಮೇಡಂ. ಜನ ಹೋ ಎಂದು ನಕ್ಕಿತು. ಭೀಮಸಿ ಕೈಮುಗಿದು ನಿಂತುಬಿಟ್ಟ. "ತಪ್ಪಾತ್ರಿ. ನಾಳೆನ ಆ ಪೈಪ ಕಿತ್ತ ಒಗಿತೀನಿ. ಇವತ್ತೊಂದ ದಿನಾ ಕಡೀಬ್ಯಾಡ್ರಿ. ಮೊಮ್ಮಗನ ಮಾರಿ ನೋಡಬೇಕ್ರಿ."

ಮೇಡಂ ಮನಸ್ಸು ಕರಗಿತಾದರೂ ಕೆಲಸ ಬಿಡಲಿಲ್ಲ. "ಬಣ್ಣದ ಪರೀಕ್ಷೆ ಆಗಲಿ. ಬಣ್ಣ ಬೀದ್ಯಾಗಿನ ನಮ್ಮ ಗಟರ ಚೇಂಬರಿಗೆ ಬಂದ್ರ ಕಡಿಯೂದ. ಬರಲಿಲ್ಲಂದ್ರ ನಾ ಕಡಿಯೂದಿಲ್ಲ" ಎಂದು ಚೀಲದಿಂದ ಕೆಂಪು ಪುಡಿ ತೆಗೆದರು. ಕೊಡದ ನೀರಿಗೆ ಕಲಸಿ ಕೊಟ್ಟಿಗೆಯ ತೂತಿಗೆ ಸುರಿದರು. ಎಲ್ಲರೂ ಓಡಿಹೋಗಿ ಬೀದಿಯ ಚೇಂಬರಿನ ಸುತ್ತ ಬಗ್ಗಿ ನಿಂತರು.

ನೀರು ಬಂತು. ಕಪ್ಪು ನೀರು. ಮತ್ತೂ ಬಂತು, ಕಪ್ಪೇ. ಭೀಮಸಿ ಮನೆದೇವರು ಮಾಯಕ್ಕನನ್ನು ನೆನೆಯುತ್ತ ಒಂದೇ ಕಣ್ಣು ತೆರೆದು ನೋಡುತ್ತಿದ್ದ. ಮೇಡಂ ಸಂಡಾಸಿಗೂ ಒಂದು ಕೊಡ ಸುರಿಸಿದರು. ಕೆಂಪಿನ ಸುಳಿವೇ ಇಲ್ಲ!

"ಮಾಯಕ್ಕ ಕಾದಳು!" ಎಂದು ಭೀಮಸಿ ಕುಣಿದ. ಹುಡುಗರು ಸೀಟಿ ಹೊಡೆದರು. ಕೆಂಚವ್ವ ಹರಿದ ಸೀರೆಯನ್ನು ಮರೆತು ಚಪ್ಪಾಳೆ ತಟ್ಟಿದಳು. ಮೇಡಂ ಒಬ್ಬರೇ ಹುಬ್ಬು ಗಂಟಿಕ್ಕಿ, "ಎರಡ ಕೊಡ ನೀರ ಹಂಗಾರ ಹೋತೆಲ್ಲಿ?" ಎಂದರು.

ಉತ್ತರ ಹಿತ್ತಲ ಕಡೆಯಿಂದ ಬಂತು. "ಖೂನ! ನನ್ನ ಕಬ್ಬಿನ್ಯಾಗ ಯಾರೋ ಖೂನ ಮಾಡ್ಯಾರ್ರಪೋ! ರಗತ ಹರಿಯಾಕತ್ತೈತಿ!" ರಾವಸಾಹೇಬ ಓಡಿ ಬರುತ್ತಿದ್ದ. ಬಿಳಿ ಪೈಜಾಮ ಮೊಣಕಾಲಿನವರೆಗೆ ಕೆಂಪಗಾಗಿತ್ತು.

ಓಣಿಯೇ ಕಬ್ಬಿಗೆ ನುಗ್ಗಿತು. ಹೆಣ ಸಿಗಲಿಲ್ಲ. ಸಿಕ್ಕಿದ್ದು ಗೋಡೆಯ ಬುಡದಲ್ಲಿ ಮಣ್ಣು ಮುಚ್ಚಿದ್ದ ಪೈಪಿನ ಬಾಯಿ. ಸುತ್ತಿ ಬೀದಿಗೆ ಹೋಗಬೇಕಾದ ಪೈಪನ್ನು ಗುತ್ತಿಗೆದಾರನ ಆಳುಗಳು ಅಲ್ಲಿಗೇ ಬಿಟ್ಟು ಮಣ್ಣು ಎಳೆದು ಹೋಗಿದ್ದರು. ಅದರ ಮುಂದಿನ ಕಬ್ಬು ಉಳಿದ ಕಬ್ಬಿಗಿಂತ ಆಳುದ್ದ ಎತ್ತರವಾಗಿ, ತೋಳಿನಷ್ಟು ದಪ್ಪವಾಗಿ ನಿಂತಿತ್ತು.

"ಈ ಸಾಲಿಗೆ ಗೊಬ್ಬರಾನ ಹಾಕಿದ್ದಿಲ್ಲ ನಾ" ಎಂದು ರಾವಸಾಹೇಬ ಕಬ್ಬನ್ನು ಮುಟ್ಟಿ ಮುಟ್ಟಿ ನೋಡಿದ. ಪೈಜಾಮದ ಸಿಟ್ಟು ಅಷ್ಟಕ್ಕೇ ಇಳಿಯಿತು.

"ಭೀಮಸಿಯವರ, ನಿಮ್ಮ ಸಂಪರ್ಕ ನಾ ಕಡಿಯೂದಿಲ್ಲ" ಎಂದರು ಮೇಡಂ.

"ನಿಮ್ಮ ಹೊಟ್ಟಿ ತಣ್ಣಗಿರಲಿ ತಾಯಿ!"

"ಕಡಿಯಾಕ ಸಂಪರ್ಕಾನ ಇಲ್ಲಲ್ರಿ. ಆದ್ರ ಸಂಡಾಸದ ನೀರ ಬಯಲಿಗೆ ಬಿಡೂದು ಅದಕ್ಕಿಂತ ದೊಡ್ಡ ತಪ್ಪು. ಪೈಪ ಕೂಡೂ ತನಕ ಯಾರೂ ಬಳಸೂಹಂಗಿಲ್ಲ." ಅಷ್ಟು ಹೇಳಿ ಸಂಡಾಸಿನ ಬಾಗಿಲಿಗೆ ಬೀಗ ಜಡಿದು, ಅರಗಿನ ಮುದ್ರೆಯನ್ನೂ ಒತ್ತಿಸಿದರು. ಅರಗು ಆರುವ ಮೊದಲೇ ಬೀದಿಯಲ್ಲಿ ಹಾರ್ನ್ ಕೇಳಿತು.

ಗಾಡಿಯಿಂದ ಮೊದಲು ಸಾವಕ್ಕ ಇಳಿದಳು. ಹಿಂದೆ ಮಲ್ಲೇಶ, ಆಮೇಲೆ ಕೂಸನ್ನು ಎತ್ತಿಕೊಂಡ ದೀಪಾಲಿ. ಭೀಮಸಿ ಕೈಚಾಚಿ ಓಡಿದ. ಸಾವಕ್ಕನ ಕಣ್ಣು ನೆಟ್ಟಗೆ ಹಿತ್ತಲ ಸಂಡಾಸಿನ ಬೀಗಕ್ಕೆ ಹೋಗಿತ್ತು.

"ಏನ್ರಿ ಬೀಗರ ಇದು? ನನ್ನ ಮಗಳು ಎಲ್ಲಿಗೆ ಹೋಗಬೇಕ್ರಿ?" ಎಂದು ಕೇಳಿ ಅವಳು ಗಾಡಿಯವನತ್ತ ತಿರುಗಿದಳು. "ತಮ್ಮಾ, ಗಾಡಿ ಹೊಳ್ಳಸು."

ಭೀಮಸಿಯ ಕೈ ಗಾಳಿಯಲ್ಲೇ ಉಳಿಯಿತು. ದೀಪಾಲಿಯ ಕಣ್ಣಲ್ಲಿ ನೀರಾಡಿತು. ಆಗ ಕೆಂಪು ಪೈಜಾಮದ ರಾವಸಾಹೇಬ ಮುಂದೆ ಬಂದ. "ಛೇ ಛೇ, ಮನಿತನಕ ಬಂದ ಬಾಣಂತೀನ ಹೊಳ್ಳಿ ಕಳಸ್ತಾರೇನ್ರಿ? ನಮ್ಮ ಮನ್ಯಾಗ ಎರಡ ಸಂಡಾಸ ಅದಾವ, ಎರಡೂ ಗಟರಿಗೆ ಬರೋಬರ ಕೂಡ್ಯಾವ. ಇವರ ಪೈಪ ಕೂಡೂ ತನಕ ನಮ್ಮ ಮನ್ಯಾಗ ಇರಲಿ."

ಸಾವಕ್ಕ ರಾವಸಾಹೇಬನ ಮನೆಯೊಳಗೆ ಹೋಗಿ ಎರಡೂ ಕಡೆ ನೀರು ಹಾಕಿ ನೋಡಿ ಬಂದು ಒಪ್ಪಿದಳು. ತೊಟ್ಟಿಲು ಹೋಯಿತು, ಕೂಸು ಹೋಯಿತು, ಮಲ್ಲೇಶನೂ ಚೀಲ ಹೊತ್ತು ಹಿಂದೆ ಹೋದ.

"ಮೇಡಂ, ಪೈಪ ಯಾವಾಗ ಕೂಡಸ್ತೀರಿ?" ಎಂದು ಭೀಮಸಿ ದೈನ್ಯದಿಂದ ಕೇಳಿದ.

"ನನ್ನ ಕಡೆಯಿಂದ ನಾಳೆನ ಆದೀತ್ರಿ. ಆದ್ರ ಸಾವಕಾರರ ಹೊಲದ ಒಳಗ ಅಗೀಬೇಕಲ್ಲ, ಅವರ ಒಪ್ಪಿಗಿ ಬೇಕು."

ಭೀಮಸಿ ಓಡಿಹೋಗಿ ಗೋಡೆಯ ಮೇಲಿಂದ ಇಣುಕಿದ. ರಾವಸಾಹೇಬ ಮಂಚದ ಮೇಲೆ ಕುಳಿತು ಭೀಮಸಿಯ ಮೊಮ್ಮಗನನ್ನು ತೊಡೆಯ ಮೇಲೆ ತಟ್ಟಿ ಮಲಗಿಸುತ್ತಿದ್ದ. ವಿಷಯ ಕೇಳಿ, ಕೂಸಿಗೆ ಎಚ್ಚರವಾದೀತೆಂಬಂತೆ ದನಿ ತಗ್ಗಿಸಿದ.

"ಕೂಡಸೂನಂತ ತಗೋ, ಅವಸರ ಏನೈತಿ? ಕಬ್ಬ ಕಟಾವ ಆಗಲಿ ಮೊದಲ. ಅಲ್ಲೀತನಕಾ ದನದ ಮನಿ ದಿನಾ ತಪ್ಪಲಾರದ ತೊಳಿಯೋ ಭೀಮಸಿ, ನೀರ ಕಮ್ಮಿ ಮಾಡಬ್ಯಾಡ."