ಸುಲ್ತಾನನ ಎದೆಯ ಅಳತೆ

ಫಕ್ರುದ್ದೀನ: ಎರಡು ಬೆರಳು ಕಡಿಮಿ ಅಂದ್ರ ಕಡಿಮಿ! ನಿನ್ನ ಲಚ್ಚಿಗೆ ಎದಿ ಇಲ್ಲೋ ಶಂಕರೆಪ್ಪಾ. ನನ್ನ ಸುಲ್ತಾನನ್ನ ಬಿಡಂಗಿಲ್ಲ.

ಶಂಕರೆಪ್ಪ: ಎದಿ ಇಲ್ಲದಾಕಿ ಹೋದ ವಾರ ಗೋವಿನಜ್ವಾಳದಾಗ ಹೊಕ್ಕ ಹಂದಿ ಹಿಂಡು ಓಡಿಸ್ಯಾಳ್ರಿ ಸಾಹೇಬ್ರ.

ಫಕ್ರುದ್ದೀನ: ಅದು ಧೈರ್ಯ. ನಾ ಕೇಳಾಕತ್ತಿದ್ದು ಅಳತಿ.

ಜೈನಾಪುರದ ಶಂಕರೆಪ್ಪ ತನ್ನ ಬೇಟೆನಾಯಿಯನ್ನು ಜೀಪಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಇಟ್ಟಂಗಿಹಾಳದ ಫಕ್ರುದ್ದೀನನ ಅಂಗಳಕ್ಕೆ ಬಂದಿದ್ದ. ಲಚ್ಚಿಗೆ ಆರು ವರ್ಷ, ಬೆದೆಗೆ ಬಂದು ಹನ್ನೆರಡು ದಿನ. ಈ ಸಲ ಮರಿಯಾಗದಿದ್ದರೆ ಅವಳ ವಂಶ ಅಲ್ಲಿಗೇ ಮುಗಿಯಿತು ಎಂಬ ಸಂಕಟ ಅವನದು. ಫ್ಯಾನಿನ ಗಾಳಿಗೆ ಕಂಬಳಿಯ ಮೇಲೆ ಮಲಗಿದ್ದ ಗಂಡುನಾಯಿ ಸುಲ್ತಾನನಿಗೆ ಮಾತ್ರ ಯಾವ ಸಂಕಟವೂ ಇರಲಿಲ್ಲ.

ಫಕ್ರುದ್ದೀನನ ಕೈಯಲ್ಲಿದ್ದದ್ದು ಎರಡು ಗಂಟಿನ ಹಗ್ಗ. ತುದಿಯಿಂದ ದೂರದ ಗಂಟಿನಷ್ಟು ಗಂಡುನಾಯಿಯ ಎದೆಸುತ್ತು ಇರಬೇಕು, ಹತ್ತಿರದ ಗಂಟಿನಷ್ಟು ಹೆಣ್ಣುನಾಯಿಯದು. ಅಪ್ಪ ಬಿಟ್ಟುಹೋದ ಆ ಹಗ್ಗ ಒಪ್ಪದೆ ಅಲ್ಲಿ ಯಾವ ನಾಯಿಗೂ ಸಂಬಂಧ ಕೂಡುತ್ತಿರಲಿಲ್ಲ.

ಶಂಕರೆಪ್ಪ: ಎದಿ ದೊಡ್ಡದಿದ್ರ ಏನ ಬರತೈತ್ರಿ?

ಫಕ್ರುದ್ದೀನ: ದಮ್ಮು ಬರತೈತಿ. ದಮ್ಮು ಇದ್ರ ಮೊಲ ಸಿಗತೈತಿ.

ಶಂಕರೆಪ್ಪ: ಮೊಲ ಸಿಕ್ಕಮ್ಯಾಲ?

ಫಕ್ರುದ್ದೀನ: ಫಾರೆಸ್ಟಿನವರು ಬರ್ತಾರ. ಅದಕ್ಕ ನಾ ಹೊರಗ ಬಿಡಂಗಿಲ್ಲ.

ಶಂಕರೆಪ್ಪ: ಹಂಗಾರ ಸುಲ್ತಾನ ಒಂದೂ ಮೊಲ ಹಿಡದಿಲ್ಲೇನ್ರಿ?

ಫಕ್ರುದ್ದೀನ: ಹಿಡಿಯೋ ಮೈಕಟ್ಟು ಐತಿ, ಸಾಕು! ಆ ನಡ ನೋಡು, ಆ ಹಿಂಗಾಲ ನೋಡು. ಟಿಕೋಟಾದ ಪ್ರದರ್ಶನದಾಗ ಪದಕ ಸುಮ್ಮನ ಕೊಟ್ಟಾರೇನ? ಈ ವರ್ಷ ಒಂಬತ್ತು ಹೆಣ್ಣನಾಯಿ ಬಂದ್ವು. ಒಂಬತ್ತೂ ಫೇಲ್.

ಶಂಕರೆಪ್ಪ: ಇಡೀ ಜಿಲ್ಲಾದಾಗ ನಾಯಿಗೋಳಿಗೆ ಎದೀನ ಇಲ್ಲಂತೀರೇನು?

ಫಕ್ರುದ್ದೀನ: ಕಾಲ ಕೆಟ್ಟೈತಿ. ಮೊದಲಿನ ಜ್ವಾಳ ಇಲ್ಲ, ಮೊದಲಿನ ನಾಯಿ ಇಲ್ಲ.

ಶಂಕರೆಪ್ಪ: ಒಮ್ಮೆ ಸುಲ್ತಾನಗ ಹಗ್ಗ ಹಿಡೀರಿ, ನೋಡೂಣು.

ಫಕ್ರುದ್ದೀನ: ಲೇ, ತಕ್ಕಡೀನ ಯಾರರೆ ತೂಗ್ತಾರೇನ?

ಶಂಕರೆಪ್ಪ: ವರ್ಷಕ್ಕೊಮ್ಮೆ ಸರಕಾರದವರು ಬಂದು ನೋಡ್ತಾರ್ರಿ.

ಮಾತು ಮರ್ಯಾದೆಗೆ ಬಂತು. ಸುಲ್ತಾನ ಆಕಳಿಸುತ್ತ ಎದ್ದು ನಿಂತ. ಹಗ್ಗ ಎದೆಯನ್ನು ಸುತ್ತಿತು. ಗಂಡಿನ ಗಂಟಿಗೆ ಬರೋಬ್ಬರಿ ಐದು ಬೆರಳು ಕಡಿಮೆ!

ಫಕ್ರುದ್ದೀನ: ಉಸಿರು ತಗೋ ಬೇಟಾ... ಇನ್ನೂ ಜೋರ್ಲೆ ತಗೋ...

ಬೇಟಾ ಉಸಿರು ಬಿಟ್ಟ. ಫಕ್ರುದ್ದೀನ ಯಾರಿಗೂ ಕಾಣಬಾರದೆಂದು ಮೆಲ್ಲಗೆ ಹೆಣ್ಣಿನ ಗಂಟಿಗೆ ಕೈ ಸರಿಸಿದ. ಅದಕ್ಕೂ ಒಂದು ಬೆರಳು ಸಾಲಲಿಲ್ಲ.

ಶಂಕರೆಪ್ಪ: ಹೆಣ್ಣಾಗಾಕೂ ಸಾಲಂಗಿಲ್ಲಲ್ರಿ ಸಾಹೇಬ್ರ!

ಅಡುಗೆಮನೆಯ ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಫಕ್ರುದ್ದೀನನ ಹೆಂಡತಿ ರಾಜಬಿ ಚಾಕು ಕೆಳಗಿಟ್ಟಳು.

ರಾಜಬಿ: ಇನ್ನ ಹೇಳದಿದ್ರ ಪಾಪ ಬರತೈತ್ರಿ. ಆ ಹಗ್ಗ ನಿಮ್ಮಪ್ಪಂದಲ್ಲ.

ಫಕ್ರುದ್ದೀನ: ಏನಂದಿ?

ರಾಜಬಿ: ಅದನ್ನ ಹೋದ ವರ್ಷ ಆಡು ತಿಂತು. ನೀವು ಬೈತೀರಿ ಅಂತ ಬ್ಯಾರೆ ಹಗ್ಗಕ್ಕ ಗಂಟ ಹಾಕಿದ್ನಿ. ಹಳೇದರಂಗ ಕಾಣ್ಲಿ ಅಂತ ಚಹಾದಾಗ ಅದ್ದಿ ಒಣಗಿಸಿದ್ನಿ.

ಫಕ್ರುದ್ದೀನ: ಅಳತಿ ಯಾವುದರ ಮ್ಯಾಲ ತಗೊಂಡಿ?

ರಾಜಬಿ: ಸುಲ್ತಾನನ್ನ ನೀವು ಟಿಕೋಟಾಕ ಕರಕೊಂಡು ಹೋಗಿದ್ರಿ. ಮನ್ಯಾಗ ಇದ್ದವರ ಮ್ಯಾಲ ತಗೊಂಡ್ನಿ. ಗಂಡಿಂದು ಹೋತಿನ ಮ್ಯಾಲ, ಹೆಣ್ಣಿಂದು ಆಡಿನ ಮ್ಯಾಲ. ಲೆಕ್ಕ ತಪ್ಪಿಲ್ಲ.

ಫಕ್ರುದ್ದೀನ ಹೊರಸಿನ ಮೇಲೆ ಕುಸಿದ. ಒಂಬತ್ತು ಮನೆತನಸ್ಥ ನಾಯಿಗಳನ್ನು ಅವನು ಹೋತ-ಆಡುಗಳ ಮಾತು ಕೇಳಿ ಹಿಂದಕ್ಕೆ ಕಳಿಸಿದ್ದ. ಶಂಕರೆಪ್ಪನಿಗೆ ನಗು ಹೊಟ್ಟೆಯಿಂದ ಒತ್ತಿ ಬಂತು. ಆದರೆ ಕೆಲಸ ಇನ್ನೂ ಆಗಿರಲಿಲ್ಲವಾದ್ದರಿಂದ ಅದನ್ನು ಮೀಸೆಯೊಳಗೇ ತಡೆದ.

ಫಕ್ರುದ್ದೀನ: ಈ ಸುದ್ದಿ ಅಂಗಳ ದಾಟಬಾರ್ದು ನೋಡು.

ಶಂಕರೆಪ್ಪ: ಲಚ್ಚಿಗೆ ಸುಲ್ತಾನ ಸಿಕ್ರ ನನ್ನ ಬಾಯಿಗೆ ಬೀಗ.

ಫಕ್ರುದ್ದೀನ: ಆತು, ಕಟ್ಟು ಅಕೀನ್ನ ಇಲ್ಲೆ. ಆದ್ರ ಪದ್ಧತಿ ಪದ್ಧತೀನ. ಮರಿ ಆದಮ್ಯಾಲ ಮೊದಲನೇದು ಗಂಡಿನ ಮನಿಯವರದು. ನಾನ ಬಂದು ಆರಿಸ್ತೀನಿ.

ರಾಜಬಿ: ಆರಿಸಾಕ ನಾ ಬರ್ತೇನಿ ಶಂಕರೆಪ್ಪಣ್ಣಾ. ಇವರನ್ನ ಕಳಿಸಿದ್ರ ಎದಿ ಅಳತಿ ನೋಡಿ, ನಿಮ್ಮ ಹಿತ್ತಲದಾಗಿನ ಆಡು ಹಿಡಕೊಂಡು ಬರ್ತಾರ!