ಟರ್ಪಾಲಿನೊಳಗಿನ ಹೆಸರು

ಇಪ್ಪತ್ತೆರಡು ವರ್ಷಗಳ ದಾಂಪತ್ಯದಲ್ಲಿ ಜಯಪಾಲ ಶೆಟ್ಟರು ಹೆಂಡತಿಯನ್ನು ಒಮ್ಮೆಯೂ ಹೆಸರು ಹಿಡಿದು ಕರೆದವರಲ್ಲ. ಅವಳ ಹೆಸರು ಗುಣವತಿ. (ನಾವು ಧಾರಾಳವಾಗಿ ಹೇಳಬಹುದು, ನಮಗೇನು ನಾಚಿಕೆ?) ಶೆಟ್ಟರ ಬಾಯಿಂದ ಮಾತ್ರ ಅದು ಹೊರಡುತ್ತಿರಲಿಲ್ಲ. ಹೆಂಡತಿಯ ಹೆಸರನ್ನು ನಾಲ್ಕು ಜನರ ಎದುರು ಕೂಗುವ ಗಂಡಸನ್ನು ಅವರ ಮನೆತನದಲ್ಲಿ ಯಾರೂ ಕಂಡದ್ದಿಲ್ಲ. ಹಿರಿಯರ ದಾರಿ ಹಿಡಿದು ಅವರೂ "ಓಯ್" ಎನ್ನುತ್ತಿದ್ದರು. ಕೋಪ ಬಂದಾಗ ದೊಡ್ಡ ಓಯ್, ಪ್ರೀತಿ ಬಂದಾಗ ಸಣ್ಣ ಓಯ್, ಕನ್ನಡಕ ಸಿಗದಿದ್ದಾಗ ಎರಡೆರಡು ಓಯ್.

ಆ ಹೆಸರು ಹೊಟ್ಟೆಯೊಳಗೆ ಇರಲಿಲ್ಲ ಎಂದಲ್ಲ. ಮದುವೆಯಾದ ಮರುವರ್ಷವೇ ಶೆಟ್ಟರು ಬೊಂಬಾಯಿಗೆ ಹೋದರು. ಮಾಟುಂಗದ ಒಂದು ಹೋಟೆಲಿನಲ್ಲಿ ಹದಿನಾಲ್ಕು ವರ್ಷ ಮ್ಯಾನೇಜರಿಕೆ ಮಾಡಿದರು. ಅವರ ಕೋಣೆಯ ಎದುರಿಗೆ ತಲೆಗೆ ಹಚ್ಚುವ ಎಣ್ಣೆಯದೊಂದು ನಿಯಾನ್ ಫಲಕ. ಸಂಜೆಯಾದೊಡನೆ ಗುಲಾಬಿ ಬಣ್ಣದ ಅಕ್ಷರಗಳು ಒಂದೊಂದಾಗಿ ಹತ್ತಿ, ಒಮ್ಮೆಲೇ ಆರಿ, ಪುನಃ ಹತ್ತುತ್ತಿದ್ದವು. ಅದನ್ನು ನೋಡುತ್ತ ಶೆಟ್ಟರು ಎಣ್ಣೆಯ ಹೆಸರಿನ ಜಾಗದಲ್ಲಿ ಇನ್ನೊಂದು ಹೆಸರನ್ನು ಓದಿಕೊಳ್ಳುತ್ತಿದ್ದರು. ಎದೆ ಭಾರವಾದಾಗ ಕಾಗದ ಬರೆಯಲು ಕೂರುತ್ತಿದ್ದರು. ಒಳಗೆ "ಸೌಭಾಗ್ಯವತಿಗೆ, ಕ್ಷೇಮ" ಎಂದು ಒಕ್ಕಣೆ. ಹೊರಗೆ ವಿಳಾಸ ಅವಳ ಸೋದರಮಾವನದ್ದು.

ಕಾವೂರಿನ ಮನೆಯಲ್ಲಿ, ಆ ಸೋದರಮಾವನ ಜೊತೆಗಿದ್ದ ಗುಣವತಿ ಪೋಸ್ಟ್‌ಮ್ಯಾನನ ಸೈಕಲ್ ಬೆಲ್ಲಿಗೆ ಕಿವಿಗೊಟ್ಟೇ ಹದಿನಾಲ್ಕು ವರ್ಷ ಕಳೆದಳು. ಅವನು ಅಂಗಳದಲ್ಲಿ ನಿಂತು ಮಾವನ ಹೆಸರು ಕೂಗುವನು. ಮಾವ ಒಡೆದು, ಓದಿ, ಕೆಮ್ಮಿ, ಆಮೇಲೆ ಒಳಗೆ ಕಳಿಸುವರು. ಗಂಡನ ಕೈಯಲ್ಲಿ ಬರೆದ ತನ್ನ ಹೆಸರನ್ನು ಒಮ್ಮೆ ನೋಡಬೇಕೆಂಬ ಆಸೆ ಅವಳಿಗೆ ಎಷ್ಟಿತ್ತೆಂದು ಯಾರಿಗೂ ತಿಳಿಯಲಿಲ್ಲ, ಅವಳು ಹೇಳಲೂ ಇಲ್ಲ.

ಊರಿಗೆ ಮರಳಿದ ಶೆಟ್ಟರು ಕೆಲವು ವರ್ಷ ಅಲ್ಲಿ ಇಲ್ಲಿ ಪಾಲುದಾರಿಕೆ ಮಾಡಿ, ಕೊನೆಗೆ ಮಂಗಳೂರಿನ ನಂತೂರಿನಲ್ಲಿ, ಲಾರಿ ಬಸ್ಸುಗಳು ತಿರುಗುವಲ್ಲಿಯೇ ಸ್ವಂತ ಹೋಟೆಲು ತೆರೆದರು. ಆಗ ಹೊಳೆಯಿತು ಆ ಮಹಾ ಉಪಾಯ. ಬಾಯಿ ಹೇಳಲಾರದ್ದನ್ನು ಕರೆಂಟು ಹೇಳಲಿ! ರೇಷನ್ ಕಾರ್ಡಿನ ನಕಲಿನಲ್ಲಿ ಹೆಸರಿನಡಿ ಗೆರೆ ಎಳೆದು ಬೊಂಬಾಯಿಗೆ ಕಳಿಸಿ, ಎರಡಡಿ ಎತ್ತರದ ಗುಲಾಬಿ ಅಕ್ಷರಗಳಲ್ಲಿ "ಗುಣವತಿ ಕೆಫೆ" ಎಂದು ನಿಯಾನ್ ಫಲಕ ಮಾಡಿಸಿ ತರಿಸಿದರು. ಇಲೆಕ್ಟ್ರಿಶಿಯನ್ ಎಡ್ವಿನ್ ಆ ಹೆಸರನ್ನು ಯಾರಿಗೂ ಬಾಯಿ ಬಿಡುವುದಿಲ್ಲವೆಂದು ಆಣೆ ಹಾಕಿ, ಗೋಣಿ ಸುತ್ತಿದಂತೆಯೇ ಅದನ್ನು ಹೋಟೆಲಿನ ಹೆಂಚಿನ ಮಾಡಿಗೆ ಏರಿಸಿ ಬಿಗಿದ. ಏಪ್ರಿಲಿನ ಒಂದು ಶುಕ್ರವಾರ ಸಂಜೆ ಫಲಕದ ಉದ್ಘಾಟನೆ. ಗೋಣಿ ಜಾರುವುದು, ಸ್ವಿಚ್ಚು ಒತ್ತುವುದು, ಹೆಂಡತಿ ತಲೆಯೆತ್ತಿ ನೋಡುವುದು. ಶೆಟ್ಟರು ಕನ್ನಡಿಯ ಎದುರು ಮುಗುಳ್ನಗುವುದನ್ನೂ ಅಭ್ಯಾಸ ಮಾಡಿಕೊಂಡರು.

ಗುರುವಾರ ಬೆಳಿಗ್ಗೆ ಪೇಪರು ಬಂತು.

"ಇಲ್ಲಿ ನೋಡಿ, ನಿಮ್ಮ ದೀಪದ್ದೇ ಸುದ್ದಿ ಉಂಟು," ಎಂದು ಗುಣವತಿ ಚಹಾದ ಜೊತೆ ಪೇಪರನ್ನೂ ಇಟ್ಟಳು. "ಘಟ್ಟದ ಮೇಲೆ ಡ್ಯಾಮಿನಲ್ಲಿ ನೀರಿಲ್ಲವಂತೆ. ಡ್ಯಾಮು ತುಂಬುವವರೆಗೆ ಊರಿನಲ್ಲಿ ನಿಯಾನ್ ಬೋರ್ಡು, ಜಾಹೀರಾತಿನ ಲೈಟು ಎಂತದ್ದೂ ಹಾಕ್ಲಿಕ್ಕಿಲ್ಲವಂತೆ."

ಶೆಟ್ಟರು ಮೂರು ಸಲ ಓದಿದರು. ಮೂರು ಸಲವೂ ಹಾಗೆಯೇ ಇತ್ತು.

"ಅದಕ್ಕೆ ಎಂತ ಮುಖ ಸಣ್ಣ ಮಾಡುದು? ಗೋಣಿ ತೆಗೆದು ಬಿಡಿ. ರತ್ನಕ್ಕನ ಹೆಸರು ಹಗಲಿನಲ್ಲಿಯೂ ಓದ್ಲಿಕ್ಕೆ ಆಗ್ತದೆ."

ರತ್ನಾವತಿ ಶೆಟ್ಟರ ಅಕ್ಕ. "ಅಕ್ಕನ ಹೆಸರು ಅಂತ ನಿನಗೆ ಯಾರು ಹೇಳಿದ್ದು?"

"ಹೇಳ್ಬೇಕಾ? ನಿಮ್ಮ ಕಡೆಯಲ್ಲಿ ಗದ್ದೆ ಅಕ್ಕನ ಹೆಸರಿನಲ್ಲಿ, ಬಾವಿ ಅಮ್ಮನ ಹೆಸರಿನಲ್ಲಿ, ಬಸ್ಸು ತೆಗೆದ ನಿಮ್ಮ ಭಾವ ಬಸ್ಸಿಗೂ ತಂಗಿಯ ಹೆಸರೇ ಇಟ್ಟದ್ದು. ಕೈಹಿಡಿದವಳ ಹೆಸರು ರೇಷನ್ ಕಾರ್ಡಿನಲ್ಲಿ ಬಿಟ್ಟು ಬೇರೆ ಎಲ್ಲಿ ಉಂಟು ಹೇಳಿ?"

"ಅದು ಅಕ್ಕನದ್ದಲ್ಲ ಮಾರಾಯ್ತಿ!"

"ಹಾಗಾದರೆ ಯಾರದ್ದು?"

ಶೆಟ್ಟರು ಬಾಯಿ ತೆರೆದರು. ಆ ನಾಲ್ಕು ಅಕ್ಷರ ಗಂಟಲವರೆಗೆ ಬಂದು, ಅಲ್ಲಿಂದ ಹಿಂದೆ ತಿರುಗಿ ಹೋಯಿತು. "ಲೈಟು ಹಾಕಿದ ಮೇಲೆ ನೋಡುವಿಯಂತೆ," ಎಂದು ಚಹಾ ಕುಡಿದರು. ಗುಣವತಿ ಲೋಟ ಎತ್ತಿಕೊಂಡು ಹೋದ ಸದ್ದಿನಲ್ಲೇ ಅವಳು ನಂಬಲಿಲ್ಲವೆಂದು ತಿಳಿಯಿತು.

"ಗೋಣಿ ತೆಗೆಯುದಾ ಧಣಿ?" ಎಂದು ಎಡ್ವಿನ್ ಕೂಡ ಕೇಳಿದ. ಶೆಟ್ಟರು ಒಪ್ಪಲಿಲ್ಲ. ಕರೆಂಟಿಲ್ಲದ ನಿಯಾನ್ ಅಂದರೆ ಒಣಗಿದ ಶಾವಿಗೆ. ಇಪ್ಪತ್ತೆರಡು ವರ್ಷ ಕಾಯಿಸಿ ಹೆಂಡತಿಗೆ ಒಣ ಶಾವಿಗೆ ತೋರಿಸುವುದೇ?

ಅವರು ವಿನಾಯಿತಿ ಕೇಳಲು ವಿದ್ಯುತ್ ಮಂಡಳಿಯ ಕಚೇರಿಗೆ ಹೋದರು. ಗುಮಾಸ್ತರು ಆಸ್ಪತ್ರೆ, ಮೆಡಿಕಲ್ ಶಾಪು ಬಿಟ್ಟು ಯಾರಿಗೂ ಇಲ್ಲ ಎಂದರು. ಆದರೂ ಅರ್ಜಿ ಕೊಡುವುದಾದರೆ ಕೊಡಿ ಎಂದು ಪೆನ್ನು ಹಿಡಿದರು.

"ಬೋರ್ಡಿನಲ್ಲಿ ಎಂತ ಬರೆದುಂಟು?"

"ಹೆಸರು."

"ಯಾರ ಹೆಸರು?"

"ಮನೆಯವರದ್ದು."

"ಮನೆಯವರ ಹೆಸರು ಎಂತ?"

ಹಿಂದೆ ಸಾಲಿನಲ್ಲಿ ಹನ್ನೊಂದು ಜನರಿದ್ದರು. ಶೆಟ್ಟರು ಬೆವರೊರಸಿಕೊಂಡು, "ಬರೆದು ಕೊಟ್ಟರೆ ಆಗ್ತದಾ?" ಎಂದರು. ಪೆನ್ನು ತೆಗೆದುಕೊಂಡು, ಅಂಗೈ ಅಡ್ಡ ಹಿಡಿದು ಬರೆದರು. ತಾನು ಆ ಹೆಸರನ್ನು ಬರೆಯುತ್ತಿರುವುದು ಜೀವನದಲ್ಲಿ ಇದೇ ಮೊದಲು ಎಂದು ಆಗ ಅವರಿಗೆ ಹೊಳೆಯಿತು. ಅದೂ ಸರಕಾರಕ್ಕೆ! ಅರ್ಜಿ ಎರಡೇ ವಾರದಲ್ಲಿ ತಿರಸ್ಕೃತವಾಯಿತು. ಶೆಟ್ಟರಿಗೆ ದುಃಖವಾದದ್ದು ಅದಕ್ಕಲ್ಲ. ಮಾಟುಂಗದಲ್ಲಿ ಹದಿನಾಲ್ಕು ವರ್ಷ ಇಂಕು ಇತ್ತು, ಪೆನ್ನು ಇತ್ತು, ತನ್ನ ಕೈಗೆ ಏನಾಗಿತ್ತು ಎಂದು ಬಸ್ಸಿನಲ್ಲಿ ಕೂತು ಮರುಗಿದರು.

ಅಂದಿನಿಂದ ಅವರಿಗೆ ಮೋಡದ ಹುಚ್ಚು ಹಿಡಿಯಿತು. ಗಿರಾಕಿಗಳು ಬನ್ಸ್ ಕೇಳಿದರೆ ಇವರು ಗಲ್ಲಾಪೆಟ್ಟಿಗೆಯ ಎದುರಿನಿಂದ ಎದ್ದು ಹೋಗಿ ಆಕಾಶ ನೋಡುತ್ತಿದ್ದರು. ಘಟ್ಟದ ಕಡೆಯಿಂದ ಬಂದ ಲಾರಿ ಡ್ರೈವರುಗಳಿಗೆಲ್ಲ ಒಂದೇ ಪ್ರಶ್ನೆ, ಅಲ್ಲಿ ಮಳೆ ಉಂಟಾ? ಮಳೆ ಬಂತೆಂದವನಿಗೆ ಸಾಂಬಾರು ಎರಡು ಸೌಟು ಹೆಚ್ಚು. ಇದು ಗೊತ್ತಾದ ಮೇಲೆ ಡ್ರೈವರುಗಳು ಬಿರುಬಿಸಿಲಿನಲ್ಲೂ ಮಳೆ ಸುರಿಸತೊಡಗಿದರು.

ಜೂನ್ ಬಂತು. ಮಳೆಯೂ ಬಂತು, ಮಂಗಳೂರಿಗೆ ಬರುವ ಹಾಗೆಯೇ ಬಂತು. ಎಡ್ವಿನ್ ಗೋಣಿಯ ಮೇಲೆ ಲಾರಿಯ ಟರ್ಪಾಲು ಹೊದಿಸಿ ಹಗ್ಗ ಬಿಗಿದ. ಜುಲೈ ಕೊನೆಯ ಒಂದು ಬೆಳಿಗ್ಗೆ ಪೇಪರಿನಲ್ಲಿ ಡ್ಯಾಮು ತುಂಬಿದ ಸುದ್ದಿ, ನಿರ್ಬಂಧ ತೆಗೆದ ಸುದ್ದಿ ಒಟ್ಟಿಗೇ ಇದ್ದವು.

"ಎಡ್ವಿನ್, ಟರ್ಪಾಲು ತೆಗೆ!"

"ಟರ್ಪಾಲು ತೆಗೆಯುದಾ? ಈ ಮಳೆಗೆ?" ಎಡ್ವಿನ್ ಕೊಡೆಯಡಿಯಿಂದ ಶೆಟ್ಟರನ್ನೇ ನೋಡಿದ. "ಒಂದು ಹನಿ ಒಳಗೆ ಹೋದರೆ ಟ್ರಾನ್ಸ್‌ಫಾರ್ಮರ್ ಡಬ್ ಅಂತದೆ. ಅಕ್ಟೋಬರಿನಲ್ಲಿ ತೆಗೆಯುವ."

ಶೆಟ್ಟರಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಮಳೆಯಿಲ್ಲದೆ ದೀಪವಿಲ್ಲ, ಮಳೆಯಿದ್ದರೆ ಟರ್ಪಾಲು ತೆಗೆಯುವಂತಿಲ್ಲ. ಇದನ್ನು ಏಪ್ರಿಲಿನಲ್ಲೇ ಯೋಚಿಸಬೇಕಿತ್ತು. ಬೊಂಬಾಯಿಯ ಬುದ್ಧಿ ಮಂಗಳೂರಿನ ಮಳೆಯನ್ನು ಮರೆತಿತ್ತು. ಆದರೆ ಅವರಿಗೆ ಇನ್ನು ಒಂದು ದಿನವೂ ಕಾಯಲಾಗಲಿಲ್ಲ. ಸಂಜೆ ರಿಕ್ಷಾ ಮಾಡಿಕೊಂಡು ಕಾವೂರಿಗೆ ಹೋಗಿ ಹೆಂಡತಿಯನ್ನು ಕರೆತಂದು, ಕೊಡೆ ಕೊಟ್ಟು ರಸ್ತೆಯ ಬದಿಯಲ್ಲಿ ನಿಲ್ಲಿಸಿ, ತಾವೇ ಒಳಗೆ ಓಡಿ ಸ್ವಿಚ್ಚು ಒತ್ತಿದರು.

ಟರ್ಪಾಲಿನ ನಡುವೆ ಎಲ್ಲೋ ಮಂಕಾದ ಗುಲಾಬಿ ಬಣ್ಣ ಕಾಣಿಸಿತು.

"ಇದೆಂತದು, ಟರ್ಪಾಲಿಗೆ ಜ್ವರ ಬಂದ ಹಾಗೆ ಉಂಟು," ಎಂದಳು ಗುಣವತಿ. "ಇದನ್ನು ನೋಡ್ಲಿಕ್ಕಾ ನನ್ನನ್ನು ಮಳೆಯಲ್ಲಿ ತಂದದ್ದು? ಇರಲಿ, ರತ್ನಕ್ಕನಿಗೆ ಕಾಗದ ಬರೆಯಿರಿ, ಖುಷಿಪಡ್ತಾರೆ."  ಅವಳು ರಿಕ್ಷಾದ ಕಡೆಗೆ ತಿರುಗಿದಳು.

ಇನ್ನು ಅಕ್ಟೋಬರ್ ತನಕ ಆ ಬೆನ್ನು ಹೀಗೆಯೇ ತಿರುಗಿರುತ್ತದೆ ಎಂದು ಶೆಟ್ಟರಿಗೆ ಅನಿಸಿತು. ಅವರು ಕೊಡೆಯಿಲ್ಲದೆಯೇ ರಸ್ತೆಗಿಳಿದರು.

"ಓಯ್! ಅದು... ಅದು ಗುಣವತಿ ಕೆಫೆ."

ಅವಳು ನಿಂತಳು. "ಎಂತ? ಈ ಮಳೆಗೆ ಕೇಳುದಿಲ್ಲ."

"ಗುಣವತಿ!"

"ಆಂ?"

"ಗುಣವತೀ! ಗುಣವತಿ ಅಂತ ಬರೆದದ್ದು! ನಿನ್ನದೇ ಹೆಸರು ಮಾರಾಯ್ತಿ, ಗುಣವತೀ!"

ಆ ಕೂಗಿಗೆ ಹೋಟೆಲಿನೊಳಗೆ ಕೂತವರೆಲ್ಲ ಚಹಾದ ಗ್ಲಾಸು ಹಿಡಿದುಕೊಂಡೇ ಬಾಗಿಲಿಗೆ ಬಂದರು. ರಸ್ತೆಯಾಚೆಯ ಟಯರು ಅಂಗಡಿಯ ಯಜಮಾನ ಸಲಾಂ ತಲೆ ಹೊರಗೆ ಹಾಕಿದ. "ಶೆಟ್ರೇ, ನನಗೆ ಇಷ್ಟು ದೂರಕ್ಕೆ ಕೇಳ್ತದೆ, ಅಕ್ಕನಿಗೆ ಪಕ್ಕದಲ್ಲಿ ಕೇಳುದಿಲ್ವಾ?"

ಗುಣವತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಕೊಡೆಯಡಿ ನಿಂತವಳ ಮುಖ ಹೇಗೆ ಒದ್ದೆಯಾಯಿತೆಂದು ಶೆಟ್ಟರು ಕೇಳಲಿಲ್ಲ. ಅವಳು ಅರ್ಧ ಕೊಡೆಯನ್ನು ಅವರ ತಲೆಯ ಮೇಲೆ ಹಿಡಿದಳು.

ಮರುದಿನ ಬೆಳಿಗ್ಗೆ ಶೆಟ್ಟರು ಜಗಲಿಯಲ್ಲಿ ಕೂತು ಎಂದಿನಂತೆ, "ಓಯ್, ಚಹಾ," ಎಂದರು. ಉತ್ತರವಿಲ್ಲ. ದೊಡ್ಡ ಓಯ್ ಹಾಕಿದರು. ಅದಕ್ಕೂ ಇಲ್ಲ. ಆಚೀಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲನೆ, "ಗುಣವತೀ," ಎಂದರು.

"ಎಂತ? ಮಳೆಗೆ ಕೇಳುದಿಲ್ಲ!" ಎಂದು ಅಡುಗೆಮನೆಯಿಂದ ಉತ್ತರ ಬಂತು.

ಶೆಟ್ಟರು ಅಂಗಳ ನೋಡಿದರು. ಒಳ್ಳೇ ಬಿಸಿಲು ಬಿದ್ದಿತ್ತು.